ಕೇರಿಯಲ್ಲಿ ಒಂದು ಬಾಗಿಲು ತೆರೆದಿರಬೇಕು

ಈ ಪತ್ರಿಕೆಯಲ್ಲಿ ನಾವು ಹೆಚ್ಚಾಗಿ ಊರಿನ ಕಡೆ ಬೆರಳು ಮಾಡಿ ಬರೆಯುತ್ತೇವೆ. ಬಾವಿ, ದೇವಸ್ಥಾನ, ಹೋಟೆಲಿನ ಲೋಟ, ಗೌಡನ ಜಮೀನು, ಠಾಣೆಯ ಲಾಠಿ. ಆ ಮಾತುಗಳು ಮುಗಿದಿಲ್ಲ, ಮುಂದೆಯೂ ಬರೆಯುತ್ತೇವೆ. ಈ ಸಲ ಮಾತ್ರ ಬೆರಳನ್ನು ನಮ್ಮ ಕೇರಿಯ ಒಳಕ್ಕೇ ತಿರುಗಿಸಬೇಕಾಗಿದೆ. ನಮ್ಮ ಮನೆಗಳಲ್ಲಿ ನಮ್ಮ ಹೆಣ್ಣುಮಕ್ಕಳು ಏಟು ತಿನ್ನುತ್ತಿದ್ದಾರೆ. ಇದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ. ಗೋಡೆಗೆ ಗೋಡೆ ಅಂಟಿಕೊಂಡಿರುವ ಕೇರಿಯಲ್ಲಿ ಒಂದು ಮನೆಯ ಏಟಿನ ಸದ್ದು ಹತ್ತು ಮನೆಗೆ ಕೇಳುತ್ತೆ. ಹತ್ತು ಮನೆಯವರೂ ಒಳಗಿಂದ ಚಿಲಕ ಹಾಕಿಕೊಳ್ತಾರೆ. ಬೆಳಿಗ್ಗೆ ನಲ್ಲಿ ಹತ್ತಿರ ಊದಿದ ಮುಖ ನೋಡಿ "ಏನಾಯ್ತವ್ವ?" ಅಂತ ಕೇಳಿದರೆ "ಜಾರಿ ಬಿದ್ದೆ" ಅಂತಾಳೆ. ಹೇಳಿದವಳಿಗೂ ಗೊತ್ತು, ಕೇಳಿದವಳಿಗೂ ಗೊತ್ತು.

ಇದು ನಮ್ಮ ಕೇರಿಗೆ ಮಾತ್ರ ಅಂಟಿದ ರೋಗ ಅಂತ ಯಾರೂ ನಮಗೆ ಪಾಠ ಹೇಳಬೇಕಾಗಿಲ್ಲ. ಅಗ್ರಹಾರದಲ್ಲೂ ಇದೆ, ಬಂಗಲೆಯಲ್ಲೂ ಇದೆ. ಅಲ್ಲಿ ಗೋಡೆ ದಪ್ಪ, ಸದ್ದು ಆಚೆ ಬರೋದಿಲ್ಲ, ಅಷ್ಟೇ ವ್ಯತ್ಯಾಸ. ಸರ್ಕಾರವೇ ನಡೆಸಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಇದೆ. 2019-21ರ ಆ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 44 ಜನ ಗಂಡನಿಂದ ಹಿಂಸೆ ಅನುಭವಿಸಿದವರು. ಇಡೀ ದೇಶದ ಲೆಕ್ಕ ನೂರಕ್ಕೆ 29. ಅದಕ್ಕೆ ಮುಂಚಿನ 2015-16ರ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಅಂಕಿ ನೂರಕ್ಕೆ 21ರ ಸುತ್ತ ಇತ್ತು. ಹೊಡೆತ ಇಮ್ಮಡಿಯಾಯಿತೋ, ಬಾಯಿಬಿಟ್ಟು ಹೇಳುವ ಹೆಂಗಸರು ಹೆಚ್ಚಿದರೋ ವಾದ ಮಾಡಬಹುದು. ಎರಡರಲ್ಲಿ ಯಾವುದಾದರೂ ನಾವು ನೆಮ್ಮದಿಯಾಗಿ ಮಲಗುವ ಸುದ್ದಿ ಅಲ್ಲ. ಅದೇ ಸಮೀಕ್ಷೆ ಇನ್ನೊಂದು ಮಾತು ಹೇಳುತ್ತೆ. ದೇಶದಲ್ಲಿ ಹೀಗೆ ಏಟು ತಿಂದ ಹೆಂಗಸರಲ್ಲಿ ಯಾರದಾದರೂ ಸಹಾಯ ಕೇಳಿದವರು ನೂರಕ್ಕೆ 14 ಜನ. ನೂರಕ್ಕೆ 77 ಜನ ಸಹಾಯವನ್ನೂ ಕೇಳಿಲ್ಲ, ಯಾರ ಹತ್ತಿರ ಬಾಯಿಯನ್ನೂ ಬಿಟ್ಟಿಲ್ಲ.

ಯಾಕೆ ಬಿಡ್ತಿಲ್ಲ? ಬಾಯಿ ಬಿಟ್ಟರೆ ಆ ರಾತ್ರಿ ಮಲಗೋಕೆ ಜಾಗ ಎಲ್ಲಿದೆ? ಈ ಸಂಚಿಕೆಯಲ್ಲಿ ನಾವು ಎತ್ತುವ ಪ್ರಶ್ನೆ ಅದೊಂದೇ.

ನಾವು ಹೇಳಿಕೊಳ್ಳುವ ನೆವಗಳು

ಮೊದಲ ನೆವ, "ಅದು ಅವರ ಮನೆ ವಿಷಯ." ಬಂಧುಗಳೇ, ನಮ್ಮನ್ನು ಕೆರೆಗೆ ಬಿಡದಿದ್ದವರೂ ಇದನ್ನೇ ಹೇಳಿದ್ದರು. ಇದು ನಮ್ಮ ಊರಿನ ಒಳಗಿನ ವಿಷಯ, ಹೊರಗಿನವರಿಗೆ ಏನು ಕೆಲಸ ಅಂತ. ಆ ಮಾತನ್ನು ನಾವು ಒಪ್ಪಲಿಲ್ಲ. ಒಪ್ಪಿದ್ದರೆ ಚಳುವಳಿಯೇ ಇರುತ್ತಿರಲಿಲ್ಲ. ಊರಿನ ಬಾಗಿಲಿಗೆ ಒಂದು ನ್ಯಾಯ, ಮನೆ ಬಾಗಿಲಿಗೆ ಒಂದು ನ್ಯಾಯ ಆಗುವುದಿಲ್ಲ.

ಎರಡನೇ ನೆವ, "ಊರವರು ನಗ್ತಾರೆ." ಮೊದಲೇ ನಮ್ಮನ್ನು ಕುಡುಕರು, ಜಗಳಗಂಟರು ಅಂತ ಹೀಯಾಳಿಸುವವರ ಮುಂದೆ ಇದನ್ನೂ ಬಿಚ್ಚಿಡಬೇಕಾ ಅಂತ ಹಿರಿಯರು ಕೇಳ್ತಾರೆ. ಅವರ ನೋವು ಸುಳ್ಳಲ್ಲ. ಆದರೆ ಕೇರಿಯ ಮಾನ ಉಳಿಸುವ ಹೊರೆಯನ್ನು ಏಟು ತಿಂದವಳ ಬೆನ್ನಿಗೇ ಯಾಕೆ ಕಟ್ಟಬೇಕು? ಹೊಡೆದವನಿಗೆ ಆ ಹೊರೆ ಯಾಕಿಲ್ಲ? ಸ್ವಾಭಿಮಾನ ಅನ್ನುವುದು ಮನೆಯ ಗಂಡಸಿಗೆ ಮಾತ್ರ ಹೊಲಿಸಿದ ಅಂಗಿ ಅಲ್ಲ.

ಮೂರನೇದು, "ಕುಡಿದಿದ್ದ, ಕಷ್ಟದಲ್ಲಿದ್ದ, ತಲೆ ಕೆಟ್ಟಿತ್ತು." ಹಗಲೆಲ್ಲಾ ಗೌಡನ ಹೊಲದಲ್ಲಿ ಬೈಗುಳ ತಿಂದವನು ರಾತ್ರಿ ಮನೆಗೆ ಬಂದು ಹೆಂಡತಿ ಮೇಲೆ ಕೈ ಎತ್ತುತ್ತಾನೆ, ಇದು ನಿಜ. ಹಾಗಾದರೆ ಕುಡಿದಾಗ ಗೌಡನಿಗೆ ಯಾಕೆ ಹೊಡೆಯುವುದಿಲ್ಲ? ಎಷ್ಟೇ ಕುಡಿದರೂ ಯಾರಿಗೆ ಹೊಡೆಯಬಹುದು, ಯಾರಿಗೆ ಹೊಡೆಯಬಾರದು ಅನ್ನುವ ಎಚ್ಚರ ತಪ್ಪುವುದಿಲ್ಲ. ಮೇಲಿನವನಿಗೆ ಬಗ್ಗು, ಕೆಳಗಿನವನಿಗೆ ಒದೆ ಅನ್ನುವುದೇ ಜಾತಿಯ ಏಣಿ. ಆ ಏಣಿಯ ಕಟ್ಟಕಡೆಯ ಮೆಟ್ಟಿಲನ್ನು ನಾವು ನಮ್ಮ ಮನೆಯೊಳಗೇ ಹಾಕಿಕೊಂಡಿದ್ದೇವೆ.

ನಾಲ್ಕನೇದಕ್ಕೆ ತೂಕ ಇದೆ. "ನಮ್ಮ ಹುಡುಗನ್ನ ನಾವೇ ಪೊಲೀಸರಿಗೆ ಒಪ್ಪಿಸೋದಾ?" ಠಾಣೆ ಅಂದರೆ ನಮಗೆ ಏನು ಅಂತ ಈ ಪತ್ರಿಕೆ ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜಾತಿ ಹೆಸರು ಹಿಡಿದು ಬೈಯುವ ಜಾಗಕ್ಕೆ ಗಂಡನನ್ನು ಕಳಿಸೋಕೆ ಹೆಂಡತಿಗೂ ಮನಸ್ಸು ಬರುವುದಿಲ್ಲ. ಅವಳು ಕೇಳುವುದು ಹೊಡೆತ ನಿಲ್ಲಲಿ ಅಂತ, ಗಂಡ ಲಾಕಪ್ಪಿನಲ್ಲಿ ಸಾಯಲಿ ಅಂತಲ್ಲ. ಈ ಅನುಮಾನಕ್ಕೆ ಕಾನೂನಿನಲ್ಲೇ ಒಂದು ಉತ್ತರ ಇದೆ. ನಮ್ಮ ಜನಕ್ಕೆ ಅದು ತಲುಪಿಲ್ಲ. ಮುಂದೆ ಹೇಳುತ್ತೇವೆ.

ಆಶ್ರಯ ಕೊಡುವುದು ನಮ್ಮದೇ ಪರಂಪರೆ

ಹೆಂಗಸರ ರಕ್ಷಣೆ, ಆಶ್ರಯ ಮನೆ ಇವೆಲ್ಲ ಪಟ್ಟಣದ ಓದಿದ ಹೆಂಗಸರ ಮಾತು, ನಮ್ಮ ಚಳುವಳಿಗೆ ಇದು ಯಾಕೆ ಅನ್ನುವ ಗೆಳೆಯರಿದ್ದಾರೆ. ಅವರು ಚರಿತ್ರೆ ಓದಲಿ. ಜೋತಿಬಾ ಫುಲೆ, ಸಾವಿತ್ರಿಬಾಯಿ ಫುಲೆ ಇಬ್ಬರೂ ನಮಗೆ ಶಾಲೆ ತೆರೆದರು ಅಂತ ಎಲ್ಲರಿಗೂ ಗೊತ್ತು. ಆ ತಪ್ಪಿಗೆ 1849ರಲ್ಲಿ ಜೋತಿಬಾರ ತಂದೆಯೇ ಅವರನ್ನು ಮನೆಯಿಂದ ಹೊರಗೆ ಹಾಕಿದರು. ಹಾಗೆ ಹೊರಗೆ ಬಿದ್ದ ದಂಪತಿಗಳೇ 1863ರಲ್ಲಿ ಪುಣೆಯಲ್ಲಿ ಗರ್ಭಿಣಿ ವಿಧವೆಯರಿಗಾಗಿ ಒಂದು ಮನೆ ತೆರೆದರು. ಮನೆಯವರ ಕಾಮಕ್ಕೆ ಬಲಿಯಾಗಿ ಬಸುರಾದ ವಿಧವೆಯ ಮುಂದೆ ಆಗ ಇದ್ದದ್ದು ಎರಡೇ ದಾರಿ. ಒಂದೋ ಕೂಸನ್ನು ಕೊಲ್ಲಬೇಕು, ಇಲ್ಲವೇ ಬಾವಿಗೆ ಬೀಳಬೇಕು. ಫುಲೆ ದಂಪತಿಗಳು ಮೂರನೇ ದಾರಿಯಾಗಿ ತಮ್ಮ ಮನೆ ಬಾಗಿಲು ತೆರೆದಿಟ್ಟರು. ಗುಟ್ಟಾಗಿ ಬಂದು ಹೆತ್ತು ಹೋಗಬಹುದಿತ್ತು. ಬಂದವರಲ್ಲಿ ಬಹುಪಾಲು ಬ್ರಾಹ್ಮಣ ವಿಧವೆಯರು. ಆಶ್ರಯ ಕೊಟ್ಟವರು ಶೂದ್ರ ಮಾಲಿ ಜಾತಿಯವರು. ಬಾಗಿಲಲ್ಲಿ ಜಾತಿ ಕೇಳಲಿಲ್ಲ, ನಡತೆ ಕೇಳಲಿಲ್ಲ. ಅಲ್ಲಿ ಹುಟ್ಟಿದ ಒಂದು ಕೂಸನ್ನೇ ದತ್ತು ತೆಗೆದುಕೊಂಡು ಯಶವಂತ ಅಂತ ಹೆಸರಿಟ್ಟು ಬೆಳೆಸಿ ಡಾಕ್ಟರ್ ಮಾಡಿದರು.

ಬಾಬಾಸಾಹೇಬರ ಮಾತಿಗೆ ಬನ್ನಿ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಮನುಸ್ಮೃತಿ ಸುಟ್ಟ ಕಥೆಯನ್ನು ಪ್ರತಿ ಸಭೆಯಲ್ಲೂ ಹೇಳುತ್ತೇವೆ. ಅದೇ ಮಹಾಡದಲ್ಲಿ ಅವರು ಹೆಂಗಸರನ್ನು ಕೂರಿಸಿಕೊಂಡು, ಕುಡಿದು ಬರುವ ಗಂಡನಿಗೂ ಮಗನಿಗೂ ಅನ್ನ ಹಾಕಬೇಡಿ ಎಂದು ಹೇಳಿದ್ದನ್ನು ಎಷ್ಟು ಸಭೆಯಲ್ಲಿ ಹೇಳಿದ್ದೇವೆ? 1942ರ ಜುಲೈ 20ರಂದು ನಾಗಪುರದಲ್ಲಿ ನಡೆದ ಅಖಿಲ ಭಾರತ ದಲಿತ ವರ್ಗಗಳ ಮಹಿಳಾ ಸಮ್ಮೇಳನಕ್ಕೆ ಸಾವಿರಗಟ್ಟಲೆ ಹೆಂಗಸರು ಬಂದರು. ಮದುವೆಯಾಗುವ ಪ್ರತಿ ಹುಡುಗಿಯೂ ಗಂಡನ ಗೆಳತಿಯಾಗಿ, ಸಮಾನಳಾಗಿ ನಿಲ್ಲಬೇಕು, ಅವನ ಗುಲಾಮಳಾಗಲು ಒಪ್ಪಬಾರದು ಎಂದು ಬಾಬಾಸಾಹೇಬರು ಅಲ್ಲಿ ಹೇಳಿದರು. ಗಂಡನನ್ನು ಬಿಡುವ ಹಕ್ಕಿಗೆ ಕಾನೂನು ಬೇಕು ಎಂದು ಆ ಹೆಂಗಸರು ಠರಾವು ಮಾಡಿದರು. ಹೆಣ್ಣಿಗೆ ಆಸ್ತಿ, ವಿಚ್ಛೇದನದ ಹಕ್ಕು ಕೊಡುವ ಹಿಂದೂ ಕೋಡ್ ಬಿಲ್ಲನ್ನು ಸಂಸತ್ತು ನೂಕುತ್ತಾ ಹೋದಾಗ 1951ರ ಸೆಪ್ಟೆಂಬರಿನಲ್ಲಿ ಅವರು ಮಂತ್ರಿ ಪದವಿಯನ್ನೇ ಬಿಸಾಕಿ ಬಂದರು. ರಾಜೀನಾಮೆಗೆ ಬೇರೆ ಕಾರಣಗಳೂ ಇದ್ದವು, ಇದು ಅವುಗಳಲ್ಲಿ ದೊಡ್ಡದು. ಹೆಂಗಸರ ಪ್ರಶ್ನೆ ಸಣ್ಣದು ಅನ್ನುವವರು ಬಾಬಾಸಾಹೇಬರ ಫೋಟೋಕ್ಕೆ ಹಾರ ಹಾಕುವ ಮೊದಲು ಇದನ್ನು ನೆನೆಯಲಿ.

ನಮ್ಮ ಅಜ್ಜಿಯರ ಕಾಲವನ್ನೂ ನೆನೆಯಿರಿ. ಕೂಡಿಕೆ, ಉಡಿಕೆ ಅಂತ ನಮ್ಮಲ್ಲಿತ್ತು. ಬಾಳಲಾಗದ ಗಂಡನನ್ನು ಬಿಟ್ಟು ಬಂದವಳಿಗೆ ಇನ್ನೊಂದು ಬಾಳು ಇತ್ತು. ಅದನ್ನು ಕೀಳು ಅಂತ ನಮಗೆ ಹೇಳಿಕೊಟ್ಟವರು ಮೇಲಿನವರು. ಅವರ ಹಾಗೆ ಆಗಬೇಕು ಅಂತ ಹೊರಟ ನಮ್ಮ ಜನ ಅವರ ಕೊರಳಪಟ್ಟಿಯನ್ನು ನಮ್ಮ ಹೆಣ್ಣುಮಕ್ಕಳ ಕೊರಳಿಗೆ ಹಾಕಿದರು. "ಗಂಡನ ಮನೆಗೆ ಹೋದವಳು ಅಲ್ಲಿಂದ ಹೆಣವಾಗೇ ಬರಬೇಕು" ಅನ್ನುವುದು ನಮ್ಮ ಮಾತಲ್ಲ, ಬಾಡಿಗೆಗೆ ತಂದದ್ದು. ವಾಪಸ್ ಕೊಡೋಣ.

ರಾತ್ರಿ ಹತ್ತು ಗಂಟೆಗೆ ಎಲ್ಲಿಗೆ?

ಈಗ ಲೆಕ್ಕ ಹಾಕಿ. ರಾತ್ರಿ ಹತ್ತು ಗಂಟೆ. ಒಬ್ಬ ತಾಯಿ, ಕಂಕುಳಲ್ಲಿ ಒಂದು, ಕೈಯಲ್ಲಿ ಒಂದು ಮಗು. ತಲೆಯಿಂದ ರಕ್ತ. ಎಲ್ಲಿಗೆ ಹೋಗಬೇಕು?

ತವರಿಗೆ? ತವರಿನಲ್ಲಿ ಎರಡು ಅಂಕಣದ ಮನೆ, ಅಣ್ಣ ಅತ್ತಿಗೆ ಮಕ್ಕಳು. ಎರಡು ದಿನ ಇಟ್ಟುಕೊಂಡು ಮೂರನೇ ದಿನ ಬುದ್ಧಿ ಹೇಳಿ ಬಿಟ್ಟು ಬರ್ತಾರೆ. ಪಕ್ಕದ ಮನೆಗೆ? "ನಾಳೆ ನಮ್ಮನೆ ಬಾಗಿಲಿಗೆ ಬಂದು ಗಲಾಟೆ ಮಾಡ್ತಾನೆ" ಅಂತ ಅವರಿಗೂ ಭಯ. ಠಾಣೆಗೆ? ಬೆಳಿಗ್ಗೆ ಬಾ ಅಂತಾರೆ. ಬೆಳಿಗ್ಗೆ ಹೋದರೆ ರಾಜಿ ಅಂತಾರೆ.

ಸರ್ಕಾರದ್ದು ಏನೂ ಇಲ್ಲ ಅಂತ ನಾವು ಹೇಳುತ್ತಿಲ್ಲ. ಕಾಗದದ ಮೇಲೆ ಬಹಳ ಇದೆ. ತಾಲ್ಲೂಕು ಮಟ್ಟದಲ್ಲಿ ಶುರುವಾದ ಸಾಂತ್ವನ ಕೇಂದ್ರಗಳು. ಕೇಂದ್ರ ಸರ್ಕಾರದ 2015ರ ಯೋಜನೆಯಲ್ಲಿ ಬಂದ ಸಖಿ ಕೇಂದ್ರಗಳು, ಅವು ಜಿಲ್ಲೆಗೆ ಒಂದು. ಚಿಕಿತ್ಸೆ, ಪೊಲೀಸು, ವಕೀಲರು, ಸಮಾಧಾನದ ಮಾತು ಎಲ್ಲ ಒಂದೇ ಸೂರಿನಡಿ ಸಿಗಬೇಕು ಅನ್ನುವುದು ಅದರ ಉದ್ದೇಶ. ಅಲ್ಲಿ ಐದು ದಿನ ಉಳಿಯಬಹುದು. ಹೆಚ್ಚು ದಿನ ಇರಬೇಕಾದವರಿಗೆ ರಾಜ್ಯ ಮಹಿಳಾ ನಿಲಯಗಳಿವೆ. ಮೊದಲು ಸ್ವಾಧಾರ ಅಂತಿದ್ದ, ಈಗ ಶಕ್ತಿ ಸದನ ಅನ್ನುವ ಮನೆಗಳಿವೆ. 181 ಅನ್ನುವ ಸಹಾಯವಾಣಿ ಇದೆ, ತುರ್ತಿಗೆ 112 ಇದೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ. ಬಸ್ ಚಾರ್ಜಿಗೆ ಗಂಡನ ಜೇಬು ನೋಡುವ ಕಾಲ ಹೋಯಿತು, ಒಳ್ಳೇದೇ ಆಯಿತು.

ಆದರೆ ರಾತ್ರಿ ಹತ್ತಕ್ಕೆ ನಮ್ಮ ಹಳ್ಳಿಗೆ ಬಸ್ಸಿಲ್ಲ. ಸಖಿ ಕೇಂದ್ರ ಜಿಲ್ಲಾ ಊರಿನಲ್ಲಿದೆ, ಕೇರಿಗೂ ಅದಕ್ಕೂ ಐವತ್ತು ಅರವತ್ತು ಮೈಲಿ. ಕಾನೂನಿನಲ್ಲಿ ರಕ್ಷಣಾಧಿಕಾರಿ ಅಂತ ಒಬ್ಬರಿದ್ದಾರೆ. ನಮ್ಮ ರಾಜ್ಯದಲ್ಲಿ ಆ ಕೆಲಸವನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ತಲೆಗೆ ಕಟ್ಟಿದ್ದಾರೆ. ಅಂಗನವಾಡಿಯ ಮೊಟ್ಟೆ ಲೆಕ್ಕ, ಪೌಷ್ಟಿಕ ಆಹಾರದ ಲೆಕ್ಕ, ಮೀಟಿಂಗು ಎಲ್ಲ ಮುಗಿಸಿ ಉಳಿದ ಹೊತ್ತಲ್ಲಿ ಹೆಂಗಸರ ಜೀವ ಕಾಯಬೇಕು. ರಕ್ಷಣಾಧಿಕಾರಿಗಳನ್ನು ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಗುರುತಿಸಿ ನೇಮಿಸಿ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಎಲ್ಲ ರಾಜ್ಯಗಳಿಗೆ ಹೇಳಬೇಕಾಯಿತು. ಕಾನೂನು ಬಂದು ಸುಮಾರು ಇಪ್ಪತ್ತು ವರ್ಷ ಆದ ಮೇಲೆ!

ಇನ್ನೊಂದು ಮಾತು ನಮ್ಮವರಿಗೆ ತಿಳಿದಿರಲಿ. 1989ರ ದೌರ್ಜನ್ಯ ತಡೆ ಕಾಯ್ದೆ ನಮ್ಮ ದೊಡ್ಡ ಆಯುಧ. ಆದರೆ ಅದು ಪರಿಶಿಷ್ಟರಲ್ಲದವರು ನಮ್ಮ ಮೇಲೆ ನಡೆಸುವ ದೌರ್ಜನ್ಯಕ್ಕೆ ಮಾತ್ರ. ದಲಿತ ಹೆಂಗಸಿಗೆ ದಲಿತ ಗಂಡನೇ ಹೊಡೆದರೆ ಆ ಕಾಯ್ದೆ ಬಾಯಿ ಬಿಡುವುದಿಲ್ಲ. ಊರವನು ಹೊಡೆದರೆ ಅವಳ ಹಿಂದೆ ನಾವೆಲ್ಲ ಇದ್ದೇವೆ, ಮೆರವಣಿಗೆ ಇದೆ, ಧರಣಿ ಇದೆ. ಮನೆಯವನು ಹೊಡೆದರೆ ಅವಳ ಹಿಂದೆ ಯಾರಿದ್ದಾರೆ?

ಕಾನೂನಿನಲ್ಲಿ ಏನಿದೆ

2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಪ್ರತಿ ಶಾಖೆಯ ಕಾರ್ಯಕರ್ತರು ಇಷ್ಟನ್ನಾದರೂ ಬಾಯಿಪಾಠ ಮಾಡಿಕೊಳ್ಳಿ.

ಒಂದು, ಹಿಂಸೆ ಅಂದರೆ ಹೊಡೆಯುವುದು ಮಾತ್ರ ಅಲ್ಲ. ಬೈಗುಳ, ಬೆದರಿಕೆ, ಬಲವಂತದ ಸಂಭೋಗ, ಮನೆ ಖರ್ಚಿಗೆ ದುಡ್ಡು ಕೊಡದಿರುವುದು, ಅವಳ ಕೂಲಿ ದುಡ್ಡು ಕಿತ್ತುಕೊಳ್ಳುವುದು ಎಲ್ಲ ಸೇರಿದೆ. ಗೃಹಲಕ್ಷ್ಮಿಯ ಎರಡು ಸಾವಿರ ಬಂದ ದಿನವೇ ಹೊಡೆದು ಕಿತ್ತುಕೊಂಡು ಕುಡಿಯುವುದೂ ಇದರಲ್ಲೇ ಬರುತ್ತೆ. ಹೆಂಡತಿ ಮಾತ್ರವಲ್ಲ, ತಾಯಿ, ಮಗಳು, ಅಕ್ಕ ತಂಗಿ, ವಿಧವೆ ಸೊಸೆ ಕೂಡ ದೂರು ಕೊಡಬಹುದು.

ಎರಡು, ಅವಳನ್ನು ಮನೆಯಿಂದ ಹೊರಗೆ ಹಾಕುವಂತಿಲ್ಲ. "ಮನೆ ನನ್ನ ಹೆಸರಲ್ಲಿದೆ" ಅಂತ ಅತ್ತೆ ಮಾವ ಹೇಳಿದರೂ, ಅವಳು ಅಲ್ಲಿ ಸಂಸಾರ ಮಾಡಿದ್ದರೆ ಅವಳಿಗೆ ಇರುವ ಹಕ್ಕು ಇದೆ ಎಂದು 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನಮ್ಮ ರಾಜ್ಯದಲ್ಲಿ ಸರ್ಕಾರಿ ವಸತಿ ಯೋಜನೆಯ ಎಷ್ಟೋ ಮನೆಗಳು ಹೆಂಗಸರ ಹೆಸರಿಗೇ ಮಂಜೂರಾಗಿವೆ. ಪಟ್ಟಾ ಅವಳದು, ರಾತ್ರಿ ಜಗಲಿ ಮೇಲೆ ಮಲಗುವವಳೂ ಅವಳೇ. ಇದನ್ನು ಏನಂತ ಕರೆಯೋಣ?

ಮೂರು, ಠಾಣೆಯ ಭಯದ ಬಗ್ಗೆ ಮೇಲೆ ಹೇಳಿದ ಉತ್ತರ ಇದು. ಈ ಕಾಯ್ದೆಯಲ್ಲಿ ಮೊದಲ ಹೆಜ್ಜೆಗೇ ಗಂಡನ ಕೈಗೆ ಕೋಳ ಬೀಳುವುದಿಲ್ಲ. ಮ್ಯಾಜಿಸ್ಟ್ರೇಟರು ಆಜ್ಞೆ ಮಾಡ್ತಾರೆ. ಹೊಡೆಯಬೇಡ, ಅವಳ ಹತ್ತಿರ ಹೋಗಬೇಡ, ಮನೆ ಬಿಟ್ಟುಕೊಡು, ಜೀವನಾಂಶ ಕೊಡು, ಮಕ್ಕಳನ್ನು ತಾಯಿ ಹತ್ತಿರ ಬಿಡು ಅಂತ. ಆ ರಕ್ಷಣೆಯ ಆಜ್ಞೆ ಮುರಿದರೆ ಆಗ ಅಪರಾಧ, ಒಂದು ವರ್ಷದವರೆಗೆ ಜೈಲು, ಇಪ್ಪತ್ತು ಸಾವಿರದವರೆಗೆ ದಂಡ. ಜೈಲಿಗೆ ಹೋಗಬೇಕಾ ಬೇಡವಾ ಅನ್ನುವುದು ಅವನ ಕೈಯಲ್ಲೇ ಇದೆ. ಜೀವಕ್ಕೆ ಅಪಾಯ ಇದ್ದರೆ ಮಾತ್ರ ಕಾಯುವ ಮಾತೇ ಇಲ್ಲ, ಅಪರಾಧದ ಕೇಸೇ ಹಾಕಬೇಕು. ಹಿಂದೆ 498ಎ ಅಂತಿದ್ದ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 85 ಅಂತ ಆಗಿದೆ.

ನಾಲ್ಕು, ಪಕ್ಕದ ಮನೆಯವರೇ ಆಗಲಿ, ಸಂಘದವರೇ ಆಗಲಿ, ಯಾರು ಬೇಕಾದರೂ ರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ನಿಲ್ಲುವುದಿಲ್ಲ. ಆಶ್ರಯ ಮನೆಯವರು ಜಾಗ ಕೊಡಲೇಬೇಕು. ಮೊದಲು ವರದಿ ತಗೊಂಡು ಬಾ ಅಂತ ವಾಪಸ್ ಕಳಿಸುವಂತಿಲ್ಲ. ಸರ್ಕಾರಿ ಆಸ್ಪತ್ರೆ ಚಿಕಿತ್ಸೆ ಕೊಡಲೇಬೇಕು. ವಕೀಲರಿಗೆ ದುಡ್ಡು ಕೊಡಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಂಗಸರಿಗೂ ಪರಿಶಿಷ್ಟರಿಗೂ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರ ಹಕ್ಕು ಇದೆ. ತಾಲ್ಲೂಕು ಕೋರ್ಟಿನಲ್ಲೇ ಅದರ ಸಮಿತಿ ಇರುತ್ತೆ.

ಕಾನೂನು ಇಷ್ಟು ಕೊಟ್ಟಿದೆ. ಕೊಡದೆ ಬಿಟ್ಟಿರುವುದು ಒಂದೇ, ಮೊದಲ ರಾತ್ರಿ. ಏಟು ತಿಂದ ಹೊತ್ತಿಗೂ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲುವ ಹೊತ್ತಿಗೂ ನಡುವೆ ಇರುವ ಆ ಕತ್ತಲು. ಸೀಮೆಎಣ್ಣೆ ಸುರಿದುಕೊಳ್ಳುವುದು, ಸುರಿಯುವುದು, ಬಾವಿಗೆ ಹಾರುವುದು ಎಲ್ಲ ಆ ಕತ್ತಲಲ್ಲೇ. 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಂಗಸರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಕೂತು ವಿಚಾರಿಸಿದಾಗ, "ಸ್ಟೌ ಸಿಡಿದು" ಅಂತ ಬರೆಸಿದ ಎಷ್ಟೋ ಸಾವುಗಳ ಹಿಂದೆ ಬೇರೆಯೇ ಕಥೆ ಇದ್ದದ್ದು ಬೆಳಕಿಗೆ ಬಂತು. ಸ್ಟೌ ಯಾವಾಗಲೂ ಸೊಸೆಯ ಕೈಯಲ್ಲೇ ಯಾಕೆ ಸಿಡಿಯುತ್ತೆ ಅಂತ ಕೇಳಿದವರು ಅವರು.

ಆ ಮೊದಲ ರಾತ್ರಿ ನಮ್ಮದು

ಆ ಒಂದು ರಾತ್ರಿಯನ್ನು ಕಾಯುವುದು ಕೇರಿಯಿಂದ ಮಾತ್ರ ಸಾಧ್ಯ. ಇದು ಕನಸಲ್ಲ. 1989ರಲ್ಲಿ ನಮ್ಮ ರಾಜ್ಯದಲ್ಲಿ ಮಹಿಳಾ ಸಮಖ್ಯ ಶುರುವಾದಾಗ ಬೀದರ, ಬಿಜಾಪುರ, ಮೈಸೂರು ಕಡೆಯ ಹಳ್ಳಿಗಳಲ್ಲಿ ಸಂಘ ಕಟ್ಟಿದವರಲ್ಲಿ ಹೆಚ್ಚಿನವರು ನಮ್ಮ ಕೇರಿಯ ಕೂಲಿ ಹೆಂಗಸರೇ. ಎಷ್ಟೋ ಕಡೆ ಅವರು "ಸಂಘದ ಮನೆ" ಅಂತ ಕಟ್ಟಿಕೊಂಡರು. ಗಂಡಸರ ಹಂಗಿಲ್ಲದ, ಹೆಂಗಸರು ಕೂತು ಮಾತಾಡುವ ಒಂದು ಜಾಗ. ಮುಂದೆ ನಾರಿ ಅದಾಲತ್ ಅಂತ ಮಾಡಿ, ಓದು ಬಾರದ ಹೆಂಗಸರೇ ಮನೆಜಗಳದ ನ್ಯಾಯ ವಿಚಾರಿಸಿದರು. ಕೇಂದ್ರ ಸರ್ಕಾರ 2016ರಲ್ಲಿ ಆ ಕಾರ್ಯಕ್ರಮದಿಂದ ಕೈ ತೆಗೆಯಿತು. ಆದರೆ ದಾರಿ ಅಂತೂ ಗೊತ್ತಾಯಿತು.

ನಮಗೆ ಹೊಸ ಕಟ್ಟಡ ಬೇಡ. ಊರೂರಿಗೂ ಅಂಬೇಡ್ಕರ್ ಭವನ ಇದೆ. ವರ್ಷಕ್ಕೆ ಎರಡು ಸಲ, ಏಪ್ರಿಲ್ 14ಕ್ಕೆ, ಡಿಸೆಂಬರ್ 6ಕ್ಕೆ ಬೀಗ ತೆಗೀತೀವಿ. ಉಳಿದ ದಿನ ಜೋಳದ ಚೀಲ, ಮೈಕ್ ಸೆಟ್ಟು, ಇಲಿ. ಅದರಲ್ಲಿ ಒಂದು ಕೋಣೆ ಬಿಡಿಸಿ. ಭವನ ಇಲ್ಲದ ಕಡೆ ಗಟ್ಟಿ ಹೆಂಗಸೊಬ್ಬಳ ಮನೆಯನ್ನು ಗೊತ್ತು ಮಾಡಿ. ಆ ಕೋಣೆಗೆ ಕೆಲವು ಕಟ್ಟಳೆ ಇರಲಿ.

1. ಬೀಗದ ಕೈ ಕೇರಿಯ ಮೂರು ಜನ ಹೆಂಗಸರ ಹತ್ತಿರ ಇರಬೇಕು. ಶಾಖೆಯ ಅಧ್ಯಕ್ಷನ ಹತ್ತಿರ ಅಲ್ಲ. ಯಾವ ಗಂಡಸೂ ಆ ಕೋಣೆಯ ಹೊಸ್ತಿಲು ದಾಟಬಾರದು. ಗಂಡಸರ ಕೆಲಸ ಹೊರಗೆ ಕಾವಲು ಕೂರುವುದು.

2. ಬಂದವಳನ್ನು "ನೀನೇನು ಮಾಡಿದೆ?" ಅಂತ ಕೇಳಬಾರದು. ಮೊದಲು ನೀರು, ಅನ್ನ, ಕಂಬಳಿ. ಒಳಜಾತಿ ಕೇಳಬಾರದು. ಎಡಗೈ ಬಲಗೈ ಆ ಬಾಗಿಲಲ್ಲಿ ನಡೆಯಬಾರದು. ಊರಿನ ಮೇಲ್ಜಾತಿ ಹೆಂಗಸೇ ಓಡಿ ಬಂದರೂ ಬಾಗಿಲು ತೆಗೆಯಬೇಕು. ಫುಲೆ ದಂಪತಿಗಳು ತೆಗೆದ ಹಾಗೆ.

3. ಗಾಯ ಇದ್ದರೆ ಅದೇ ರಾತ್ರಿ, ಇಲ್ಲವೇ ಬೆಳಿಗ್ಗೆಯೇ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಎಂ.ಎಲ್.ಸಿ. ಬರೆಸಬೇಕು. "ಬಿದ್ದೆ" ಅಂತ ಬರೆಸಿದರೆ ಮುಂದೆ ಕೋರ್ಟಿನಲ್ಲಿ ಅವಳ ಕೈ ಬರಿದು. ಜೊತೆಗೆ ಒಬ್ಬ ಹೆಂಗಸು ಹೋಗಬೇಕು.

4. ಕೋಣೆಯ ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ 181, 112, ತಾಲ್ಲೂಕು ರಕ್ಷಣಾಧಿಕಾರಿಯ ಫೋನ್, ಹತ್ತಿರದ ಸಾಂತ್ವನ, ಸಖಿ ಕೇಂದ್ರಗಳ ಫೋನ್ ಬರೆಸಿ. ಓದಲು ಬಾರದವರಿಗಾಗಿ ಮೂರು ಜನ ಹೆಂಗಸರಿಗೂ ಅವು ಬಾಯಿಗೆ ಬರಬೇಕು.

5. ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಜಾತಿ ಪತ್ರ, ಮನೆ ಪಟ್ಟಾ, ಇವುಗಳ ಜೆರಾಕ್ಸನ್ನು ಅಪಾಯದಲ್ಲಿರುವ ಹೆಂಗಸು ಮೊದಲೇ ನಂಬಿಗಸ್ತರ ಮನೆಯಲ್ಲಿ ಇಡಲಿ. ಓಡಿ ಬರುವಾಗ ಟ್ರಂಕು ಹುಡುಕುವ ಹೊತ್ತಿರುವುದಿಲ್ಲ.

6. ಈ ಕೋಣೆ ಒಂದೆರಡು ರಾತ್ರಿಗೆ ಮಾತ್ರ. ಎರಡು ಮನೆ ಆಚೆ ಗಂಡ ಇರುವಾಗ ಅದೇ ಕೇರಿಯಲ್ಲಿ ಅವಳನ್ನು ಬಹಳ ದಿನ ಇಡುವುದು ಅಪಾಯ. ಬೆಳಗಾದ ಮೇಲೆ ಅವಳು ಏನು ಬೇಕು ಅಂತಾಳೋ ಅದರಂತೆ ಪಕ್ಕದ ತಾಲ್ಲೂಕಿನ ಶಾಖೆಗೋ, ಸಖಿ ಕೇಂದ್ರಕ್ಕೋ ಮುಟ್ಟಿಸಬೇಕು. ಇದಕ್ಕೆ ಶಾಖೆ ಶಾಖೆಗಳ ನಡುವೆ ಒಪ್ಪಂದ ಬೇಕು. ಈ ಕೇರಿಯವಳನ್ನು ಆ ಕೇರಿ ಕಾಯಲಿ, ಆ ಕೇರಿಯವಳನ್ನು ಈ ಕೇರಿ ಕಾಯಲಿ. ಎಲ್ಲಿದ್ದಾಳೆ ಅಂತ ಬಾಯಿ ಬಿಡಬಾರದು. ಮಕ್ಕಳ ಓದು ನಿಲ್ಲಬಾರದು, ಹಾಸ್ಟೆಲ್ಲಿಗೆ ಸೇರಿಸುವ ಓಡಾಟ ಶಾಖೆಯದು.

ಇಲ್ಲಿ ಯಜಮಾನರಿಗೂ ಒಂದು ಮಾತು. ಕೇರಿಯ ಪಂಚಾಯ್ತಿಯನ್ನು ನಾವು ತೆಗಳುತ್ತಿಲ್ಲ. ಒಳ್ಳೆ ಮಾತಿನಿಂದ ಸಂಸಾರ ಉಳಿಸಿದ ಹಿರಿಯರಿದ್ದಾರೆ. ಆದರೆ ಹೆಂಗಸರಿಲ್ಲದ ಪಂಚಾಯ್ತಿಯಲ್ಲಿ ಹೊಡೆದವನಿಗೆ ಐನೂರು ದಂಡ ಹಾಕಿ, ಆ ದುಡ್ಡಿನಲ್ಲೇ ಸಂಜೆ ಎಲ್ಲರೂ ಕುಡಿದು, ರಾತ್ರಿ ಅವನು ಮನೆಗೆ ಹೋಗಿ ದಂಡ ಹಾಕಿಸಿದ್ದಕ್ಕೆ ಮತ್ತೆ ಹೊಡೆಯುತ್ತಾನಲ್ಲ, ಅದು ನ್ಯಾಯ ಅಲ್ಲ. ಇನ್ನು ಮೇಲೆ ಇಂಥ ನ್ಯಾಯಕ್ಕೆ ಕೂತರೆ ಅರ್ಧ ಜನ ಹೆಂಗಸರಿರಬೇಕು, ಮಾತು ಬರಹದಲ್ಲಿರಬೇಕು, ಅವಳು ಕೋರ್ಟಿಗೆ ಹೋಗ್ತೀನಿ ಅಂದರೆ ಅಡ್ಡ ಬರಬಾರದು. ರಾಜಿ ಆಗಬೇಕೋ ಬೇಡವೋ ಅಂತ ಹೇಳುವ ಹಕ್ಕು ಅವಳೊಬ್ಬಳದೇ.

ತಾಳಿ ಇಲ್ಲದ ಹೆಣ್ಣನ್ನು ಮರೆಯಬೇಡಿ. ದೇವದಾಸಿ ಬಿಡುವುದನ್ನು ನಮ್ಮ ರಾಜ್ಯ 1982ರ ಕಾಯ್ದೆಯಲ್ಲಿ ನಿಷೇಧಿಸಿತು. ಬಿಟ್ಟವರ ಬಾಳು ಹಾಗೇ ಉಳಿಯಿತು. ಇಟ್ಟುಕೊಂಡವನು ಹೊಡೆದರೆ ಕೋರ್ಟಿನಲ್ಲಿ "ಇದು ಮದುವೆಯಂಥ ಸಂಬಂಧವೇ?" ಅಂತ ಮೊದಲ ಪ್ರಶ್ನೆ ಬೀಳುತ್ತೆ. ನಮ್ಮ ಬಾಗಿಲಲ್ಲಿ ಆ ಪ್ರಶ್ನೆ ಬೇಡ. ಮಗ ಹೊಡೆದು ಹೊರಗೆ ಹಾಕಿದ ಮುದುಕಿಯೂ ಇದೇ ಬಾಗಿಲಿಗೆ ಬರಲಿ.

ಹೊಡೆತವೇ ಇಲ್ಲದ ಹಾಗೆ

ಆಶ್ರಯ ಕೊಡುವುದು ಗಾಯಕ್ಕೆ ಬಟ್ಟೆ ಕಟ್ಟಿದ ಹಾಗೆ. ಗಾಯವೇ ಆಗಬಾರದು ಅಂದರೆ ಗಂಡಸರ ಹತ್ತಿರ ಮಾತಾಡಬೇಕು. ಹೆಂಗಸರ ಸಭೆ ಕರೆದು ಹೆಂಗಸರಿಗೇ ಧೈರ್ಯ ಹೇಳಿ ಕಳಿಸುವುದು ಸುಲಭ. ಗಂಡಸರನ್ನು ಕೂರಿಸಿ, "ನಿನ್ನ ಮನೆಯಲ್ಲಿ ನಿನ್ನ ಸದ್ದು ಕೇಳಿದರೆ ಮಕ್ಕಳು ಎಲ್ಲಿ ಬಚ್ಚಿಟ್ಟುಕೊಳ್ತವೆ?" ಅಂತ ಕೇಳುವುದು ಕಷ್ಟ. ಆ ಕಷ್ಟದ ಸಭೆ ತಿಂಗಳಿಗೊಂದು ಆಗಬೇಕು. ಅಪ್ಪ ಅವ್ವನಿಗೆ ಹೊಡೆಯುವುದನ್ನು ನೋಡಿ ಬೆಳೆದ ಹುಡುಗ ನಾಳೆ ಅದನ್ನೇ ಕಲಿತ ಪಾಠ ಅಂದುಕೊಳ್ತಾನೆ. ಹದಿನೆಂಟು ತುಂಬದ ಹುಡುಗಿಯನ್ನು ಕೊಟ್ಟರೆ ಅವಳು ಎದುರು ಮಾತಾಡುವ ವಯಸ್ಸಿಗೆ ಮುಂಚೆಯೇ ಏಟಿಗೆ ಒಗ್ಗಿಹೋಗ್ತಾಳೆ.

ಹೆಂಡ ಬೇಡ, ವಸತಿ ಶಾಲೆ ಬೇಕು ಅಂತ ಬೀದಿಗಿಳಿದ ಚಳುವಳಿ ನಮ್ಮದು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಪ್ಯಾಕೆಟ್ಟು ಹೋಗಿ ಬಾಟಲಿ, ಅಗ್ಗದ ಟೆಟ್ರಾ ಪ್ಯಾಕು ಬಂತು. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿ ಹೆಂಗಸರು ಮದ್ಯ ಬೇಡ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಆ ಕಾಲುಗಳ ಬೊಬ್ಬೆಗೆ ಸರ್ಕಾರದ ಖಜಾನೆ ಇವತ್ತಿಗೂ ಉತ್ತರ ಕೊಟ್ಟಿಲ್ಲ. ಅಬಕಾರಿ ದುಡ್ಡು ಬೇಕು, ಅದು ಒಡೆದ ತಲೆಗೆ ಹೊಲಿಗೆ ಹಾಕುವ ಕೇಂದ್ರಕ್ಕೆ ಮಾತ್ರ ದುಡ್ಡಿಲ್ಲ ಅನ್ನುವ ಸರ್ಕಾರವನ್ನು ಕೇಳುವವರು ಯಾರು? ನಾವೇ. ಕೇರಿಯಲ್ಲಿ ಅಕ್ರಮವಾಗಿ ಬಾಟಲಿ ಮಾರುವ ಅಂಗಡಿಯನ್ನು ಮುಚ್ಚಿಸುವುದೂ ನಾವೇ.

ಕೊನೆಯದಾಗಿ ಚಳುವಳಿಯ ಒಳಗಿನ ಮಾತು. ವೇದಿಕೆ ಮೇಲೆ ಸಮಾನತೆ ಅಂತ ಗಂಟಲು ಹರಿಯುವಂತೆ ಭಾಷಣ ಮಾಡಿ, ಮನೆಗೆ ಹೋಗಿ ಸಾರಿಗೆ ಉಪ್ಪು ಕಮ್ಮಿ ಅಂತ ತಟ್ಟೆ ಎಸೆಯುವವನಿಗೆ ಇನ್ನು ಮೇಲೆ ಮೈಕು ಬೇಡ. ಹೆಂಡತಿಗೆ ಹೊಡೆಯುತ್ತಾನೆ ಅಂತ ಗೊತ್ತಾದವನಿಗೆ ಶಾಖೆಯಲ್ಲಿ ಯಾವ ಹುದ್ದೆಯೂ ಬೇಡ. "ಒಳ್ಳೇ ಸಂಘಟಕ, ಹೋರಾಟಕ್ಕೆ ನಷ್ಟ" ಅಂತ ಯಾರಾದರೂ ಅಂದರೆ, ಅವನಿಂದಾಗಿ ಸಭೆಗೆ ಬರದೆ ಮನೆಯಲ್ಲಿ ಕೂತ ಹೆಂಗಸರು ಎಷ್ಟು ಅಂತ ಲೆಕ್ಕ 
ಹಾಕಿ ಹೇಳಲಿ. ನಮ್ಮ ಸಭೆಗಳಲ್ಲಿ ಮುಂದಿನ ಸಾಲು ಯಾಕೆ ಗಂಡಸರದೇ ಅನ್ನುವುದಕ್ಕೂ ಉತ್ತರ ಅಲ್ಲೇ ಸಿಗುತ್ತೆ.

ಸರ್ಕಾರದ ಮುಂದೆ ನಮ್ಮ ಬೇಡಿಕೆ ಸ್ಪಷ್ಟ. ತಾಲ್ಲೂಕಿಗೊಬ್ಬ ಪೂರ್ಣಾವಧಿ ರಕ್ಷಣಾಧಿಕಾರಿ, ಬೇರೆ ಕೆಲಸದ ಹೊರೆ ಇಲ್ಲದೆ. ತಾಲ್ಲೂಕಿಗೊಂದು ಆಶ್ರಯ ಮನೆ, ಮಕ್ಕಳ ಸಮೇತ ಇರುವ ಹಾಗೆ. ರಾತ್ರಿ ಹೊತ್ತು ಕೇರಿಯಿಂದ ಕರೆದೊಯ್ಯುವ ಗಾಡಿ. ಆ ಮನೆಗಳ ಸಿಬ್ಬಂದಿಯಲ್ಲಿ ನಮ್ಮ ಹೆಣ್ಣುಮಕ್ಕಳು. ಅಲ್ಲಿ ದುಡಿಯುವವರಿಗೆ ತಿಂಗಳು ತಿಂಗಳು ಸಂಬಳ. ಇದಕ್ಕಾಗಿ ಅರ್ಜಿ ಕೊಡೋಣ, ಕೊಡದಿದ್ದರೆ ತಾಲ್ಲೂಕು ಕಚೇರಿ ಮುಂದೆ ಕೂರೋಣ.

ಆದರೆ ಸರ್ಕಾರ ಕೊಡುವ ತನಕ ಯಾವ ಅವ್ವನೂ ಯಾವ ತಂಗಿಯೂ ಬಾವಿಕಟ್ಟೆ ಮೇಲೆ ಬೆಳಗು ಮಾಡಬಾರದು. ಮುಂದಿನ ತಿಂಗಳ ಸಭೆಯಲ್ಲಿ ಪ್ರತಿ ಶಾಖೆಯೂ ಮೊದಲ ಠರಾವಾಗಿ ಇದನ್ನು ತೆಗೆದುಕೊಳ್ಳಲಿ: ಕೋಣೆ ಯಾವುದು, ಬೀಗದ ಕೈ ಹಿಡಿಯುವ ಮೂರು ಜನ ಹೆಂಗಸರು ಯಾರು. ಠರಾವು ಮಾಡಿದ ಮೇಲೆ ಕೋಣೆ ಗುಡಿಸಿ ಒಂದು ಚಾಪೆ, ಒಂದು ಕಂಬಳಿ, ಒಂದು ಕೊಡ ನೀರು ಇಟ್ಟು ಬನ್ನಿ. ಯಾವ ಶಾಖೆ ಮಾಡಿತು ಅಂತ ನಮಗೆ ಒಂದು ಕಾರ್ಡು ಬರೆಯಿರಿ. ಊರು ಹೇಳಿ, ಹೆಂಗಸರ ಹೆಸರು ಬೇಡ. ಮುಂದಿನ ಸಂಚಿಕೆಯಲ್ಲಿ ಊರುಗಳ ಪಟ್ಟಿ ಹಾಕುತ್ತೇವೆ.

ಜೈ ಭೀಮ್.